ಅಜ್ಜಿಯ ಎದುರು ಆಡಬಾರದ ಮಾತು

ನಮ್ಮ ಮನೆಯಲ್ಲಿ ಎಂಟು ತಿಂಗಳು ಏನೂ ಬೀಳಲಿಲ್ಲ. ಮಳೆ ಬೀಳಲಿಲ್ಲ, ಬಿಸಿಲು ಬೀಳಲಿಲ್ಲ, ಅಡುಗೆಗೆ ಉಪ್ಪು ಬೀಳಲಿಲ್ಲ, ಯಾರಿಗೂ ಕನಸು ಬೀಳಲಿಲ್ಲ. ಅಪ್ಪ ಆ ಪದವನ್ನೇ ಹೊಡೆದುಹಾಕಿದ್ದ.

ಅಪ್ಪ ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಒಂದು ಪದ ತೆಗೆದು ಇನ್ನೊಂದು ಹಾಕುವುದು ಅವನಿಗೆ ಉಗುರು ಕತ್ತರಿಸಿದಷ್ಟು ಸಲೀಸು. ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ, ಎಡಕ್ಕೆ ತಪ್ಪು, ಬಲಕ್ಕೆ ಸರಿ ಎಂದು ಗೆರೆ ಎಳೆದಿದ್ದ. ಮಳೆ ‘ಬರುತ್ತದೆ’. ಕನಸೂ ‘ಬರುತ್ತದೆ’. ಬಾಗಿಲಿಗೆ ಬೀಗ ‘ಹಾಕಿದೆ’. ಜನ ಕಣ್ಣಿಗೆ ‘ಕಾಣುತ್ತಾರೆ’. ಬಿದ್ದು ಬಿದ್ದು ನಗುವುದಕ್ಕೆ ಸರಿಯಾದದ್ದು ಸಿಗದೆ ಬಲಗಡೆ ಖಾಲಿ ಬಿಟ್ಟಿದ್ದ. ಸದ್ಯಕ್ಕೆ ಅದರ ಅಗತ್ಯ ಯಾರಿಗೂ ಇರಲಿಲ್ಲ. ಮನೆಗೆ ಬಂದವರನ್ನೆಲ್ಲ “ಹೊಟ್ಟೆಗೆ ಏನಾದ್ರೂ ಬಿತ್ತಾ?” ಎಂದು ಕೇಳುವುದು ಅಮ್ಮನ ಹುಟ್ಟುಗುಣ. ಈಗ “ಹೊಟ್ಟೆಗೆ ಏನಾದ್ರೂ” ಎಂಬಲ್ಲಿಗೆ ನಿಲ್ಲಿಸಿ, ಸೌಟಿನಿಂದ ತಟ್ಟೆ ತೋರಿಸುತ್ತಿದ್ದಳು.

ಇಷ್ಟಕ್ಕೆಲ್ಲ ಕಾರಣ ಅಜ್ಜಿ ಬಿದ್ದದ್ದು. ಎತ್ತರದಿಂದೇನೂ ಅಲ್ಲ. ಅಜ್ಜಿ ನಲವತ್ತು ವರ್ಷ ಪರದೆ ಹೊಲಿದವಳು. ಏಣಿ ಹತ್ತಿ, ಬಾಯಲ್ಲಿ ಪಿನ್ನು ಕಚ್ಚಿಕೊಂಡು, ಆಸ್ಪತ್ರೆ, ನಾಟಕ ಶಾಲೆ, ಮದುವೆಯಾದವರ ಮನೆ, ಬಿಟ್ಟವರ ಮನೆ ಎನ್ನದೆ ಕಿಟಕಿ ಕಿಟಕಿಗೆ ತೂಗುಹಾಕಿ ಬಂದವಳು. ಆಗ ಒಮ್ಮೆಯೂ ಬೀಳದವಳು ಒಂದು ಸಂಜೆ ನಡುಮನೆಯಲ್ಲಿ ಸಕ್ಕರೆಯ ಗಾಜಿನ ಡಬ್ಬಿ ಹಿಡಿದು ಸುಮ್ಮನೆ ನಿಂತಿದ್ದಾಗ ಬಿದ್ದಳು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಈ ಮೂಳೆ ಯಾರಾದರೂ ಕೊಡುವುದಾದರೆ ನಾನೇ ಇಟ್ಟುಕೊಳ್ಳುತ್ತೇನೆ ಎಂದರು. ಒಡೆದದ್ದು ಡಬ್ಬಿ ಒಂದೇ.

ಅವತ್ತು ನಾನು ಐದಕ್ಕೆ ಮನೆಯಲ್ಲಿರಬೇಕಿತ್ತು. ನನ್ನ ಕೆಲಸ ಕನ್ನಡಕದ ಅಂಗಡಿಯಲ್ಲಿ, ಮಧ್ಯಾಹ್ನದ ಪಾಳಿ. ಹೊರಟದ್ದೇನೋ ಸರಿಯಾದ ಹೊತ್ತಿಗೇ. ದಾರಿಯಲ್ಲಿ ಒಬ್ಬ ಪೇಂಟರು ಮುಚ್ಚಿದ ಅಂಗಡಿಯ ಬೋರ್ಡಿನಿಂದ ಹಳೆಯ ಅಕ್ಷರ ಕೆರೆಯುತ್ತಿದ್ದ. ಎಲ್ಲ ಹೋಗಿ ಒಂದು ಕೊಂಬು ಮಾತ್ರ ಉಳಿದಿತ್ತು. ಅಕ್ಷರವೇ ಇಲ್ಲದ ಮೇಲೆ ಕೊಂಬು ಯಾರದ್ದು ಎಂದು ಯೋಚಿಸುತ್ತ ನಿಂತೆ. ಆರಕ್ಕೆ ಮನೆಗೆ ಬಂದಾಗ ಅಜ್ಜಿ ಅಂಗಾತವಾಗಿ, ಮೇಜಿನ ಕೆಳಗೆ ತಲೆಯಿಟ್ಟು ಮಲಗಿದ್ದಳು. ಎಷ್ಟು ಹೊತ್ತಾಯಿತು ಎಂದು ಕೇಳಿದೆ. ಈಗಷ್ಟೇ ಎಂದಳು. ಸುಳ್ಳು ಹೇಳುವಾಗ ಅಜ್ಜಿಯ ಬೆರಳುಗಳು ಸೆರಗೋ ಹೊದಿಕೆಯೋ ಸಿಕ್ಕಿದ್ದನ್ನು ನೆರಿಗೆ ಹಿಡಿಯುತ್ತವೆ. ಅವತ್ತು ಬರೀ ನೆಲವನ್ನೇ ನೆರಿಗೆ ಹಿಡಿಯುತ್ತಿದ್ದವು.

ಅಲ್ಲಿಂದ ಮುಂದೆ ಅಜ್ಜಿ ಗೋಡೆ ಇರುವ ಕಡೆ ಮಾತ್ರ ನಡೆದಳು. ನಮ್ಮ ನಡುಮನೆಯ ನಾಲ್ಕು ಗೋಡೆಗಳಲ್ಲಿ ಮೂರಕ್ಕೆ ಬಾಗಿಲಿದೆ. ಬಾಗಿಲು ಬಂದಲ್ಲೆಲ್ಲ ನಿಂತು, ಯಾರಾದರೂ ಬಂದು ಗೋಡೆಯಾಗಲಿ ಎಂದು ಕಾಯುತ್ತಿದ್ದಳು. ಎರಡು ವಾರಕ್ಕೆ ಅದೂ ಸಾಕಾಗಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟಳು. ಕೊರಳಲ್ಲಿ ಸದಾ ನೇತಾಡುವ ಅಳತೆ ಟೇಪು ಬಿಡಿಸಿ, ನಿಂತರೆ ತಲೆಯಿಂದ ನೆಲಕ್ಕೆ ಐವತ್ತೊಂಬತ್ತು ಇಂಚು, ಕುರ್ಚಿಯಿಂದ ನೆಲಕ್ಕೆ ಹದಿನೇಳು ಎಂದು ಲೆಕ್ಕ ಹಾಕಿ, ಹದಿನೇಳೇ ವಾಸಿ ಎಂದಳು. ಬಚ್ಚಲಿಗೆ ಹೋಗುವಾಗ ಒಂದು ಪಕ್ಕ ಅಮ್ಮ, ಇನ್ನೊಂದು ಪಕ್ಕ ನಾನು, ಹಿಂದೆ ಅಪ್ಪ. ಮೆರವಣಿಗೆಗೆ ವಾದ್ಯವೊಂದು ಕಡಿಮೆ.

ಅವಳ ಕಥೆಗಳೂ ಕುರ್ಚಿ ಹಿಡಿದವು. ಇಪ್ಪತ್ನಾಲ್ಕು ವರ್ಷದಿಂದ ನಾನು ಕೇಳುತ್ತ ಬಂದ ರಾಜಕುಮಾರ, ದಾಸಿಯ ಮಾತು ನಂಬಿ ಹಾಳುಬಾವಿಗೆ ಬೀಳುತ್ತಿದ್ದವನು, ಈಗ ಮೆಟ್ಟಿಲ ಮೇಲೆ ಕೈಯಿಟ್ಟುಕೊಂಡು ಬಾವಿಗೆ ಇಳಿದ. ಹಣ್ಣು ಮರದಿಂದ ತಾನಾಗಿಯೇ ಇಳಿದು ಬಂತು. ಎದೆಗೆ ಬಾಣ ತಾಗಿದ ರಾಕ್ಷಸ ಗೋಡೆ ಹಿಡಿದುಕೊಂಡು ಹೋಗಿ ಒಂದು ಕಡೆ ಕೂತ. ಆಮೇಲೆ ಏನಾಯಿತು ಎಂದರೆ ಏನಾಗುತ್ತೆ, ಕೂತಿದ್ದಾನೆ ಎಂದಳು.

ಇನ್ನು ಚಿಕ್ಕಜ್ಜಿ. ಅಜ್ಜಿಗೆ ಒಬ್ಬಳೇ ತಂಗಿ, ಅಕ್ಕನ ಜೊತೆಯಲ್ಲೇ ಪರದೆ ಹೊಲಿದವಳು. ಎದುರು ಸಾಲಿನ ಕಟ್ಟಡದ ಮೊದಲ ಮಹಡಿಯಲ್ಲಿ ಒಬ್ಬಳೇ ಇರುತ್ತಾಳೆ. ಅವಳ ಕಿಟಕಿ ನಮ್ಮ ಕಿಟಕಿಗೆ ನೇರ. ಎರಡಕ್ಕೂ ಒಂದೇ ಥಾನಿನ ಹಳದಿ ಪರದೆ. ದಿನಾ ನಾಲ್ಕು ಗಂಟೆಗೆ ಇಪ್ಪತ್ತೆರಡು ಮೆಟ್ಟಿಲು ಇಳಿದು, ರಸ್ತೆ ದಾಟಿ, ಟೀ ಕುಡಿಯಲು ಬರುತ್ತಿದ್ದಳು. ಅಕ್ಕ ಬಿದ್ದಳೆಂದು ಗೊತ್ತಾದ ಮರುದಿನ ಬರಲಿಲ್ಲ. ಏಣಿ ಮೇಲೆ ಬೀಳದ ಅಕ್ಕನೇ ನಿಂತಲ್ಲಿ ಬಿದ್ದ ಮೇಲೆ, ಏಣಿ ಕೆಳಗೆ ನಿಂತು ಹಿಡಿದುಕೊಳ್ಳುತ್ತಿದ್ದ ತಾನು ಯಾವ ಲೆಕ್ಕ ಎಂದಳಂತೆ. ಅವಳ ತರಕಾರಿ ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಮೇಲಕ್ಕೆ ಹೋಗತೊಡಗಿತು.

ಹೀಗೆ ಅಕ್ಕ ಈಚೆ ಕಿಟಕಿಯಲ್ಲಿ, ತಂಗಿ ಆಚೆ ಕಿಟಕಿಯಲ್ಲಿ. ಬೆಳಿಗ್ಗೆ ಪರದೆ ಸರಿಸಿದರೆ ಎದ್ದಿದ್ದೇನೆ ಎಂದರ್ಥ. ಹನ್ನೊಂದಕ್ಕೆ ಫೋನು. ಚಿಕ್ಕಜ್ಜಿಗೆ ಫೋನಿನಲ್ಲಿ ಕಿವಿ ಮಂದ. ಅದನ್ನು ಕಿವಿಗೆ ಸರಿಯಾಗಿ ಹೊಂದಿಸಿಕೊಳ್ಳುವಷ್ಟರಲ್ಲಿ ಮಾತಿನ ಮುಕ್ಕಾಲು ಭಾಗ ಕಳೆದುಹೋಗಿ, ಕೊನೆಯ ಪದ ಮಾತ್ರ ಚೊಕ್ಕವಾಗಿ ತಲುಪುತ್ತದೆ. ನಮ್ಮ ಮಾತಿನಲ್ಲಿ ಯಾರು, ಎಲ್ಲಿ, ಯಾಕೆ ಎಲ್ಲ ಮೊದಲು ಬಂದು ಏನಾಯಿತು ಎಂಬುದು ಕೊನೆಗೆ ಬರುವುದರಿಂದ ಇದು ದೊಡ್ಡ ನಷ್ಟವೆಂದು ಅವಳಿಗೆ ಅನ್ನಿಸಿರಲಿಲ್ಲ. ಯಾರಿಗಾದರೇನು, ಆದದ್ದು ತಿಳಿದರೆ ಸಾಕು ಎನ್ನುತ್ತಿದ್ದಳು.

ಅವರು ಮಾತಾಡುತ್ತಿದ್ದದ್ದು ಹೆಚ್ಚಾಗಿ ಅಜ್ಜಿಯ ದೊಡ್ಡ ಕತ್ತರಿಯ ಬಗ್ಗೆ. ಅದು ಕಳೆದು ಹನ್ನೊಂದು ವರ್ಷವಾಗಿತ್ತು. ಹೊಲಿಗೆ ಯಂತ್ರ ರಿಪೇರಿಗೆ ಬಂದವನ ಮೇಲೆ ಅಜ್ಜಿಗೆ ಮೊದಲಿನಿಂದ ಗುಮಾನಿ. ಅವನ ಕಣ್ಣೇ ಸರಿಯಿರಲಿಲ್ಲ ಎಂದು ಚಿಕ್ಕಜ್ಜಿ ದಿನಾ ದನಿಗೂಡಿಸುತ್ತಿದ್ದಳು.

ಎಂಟನೆಯ ತಿಂಗಳು ಚಿಕ್ಕಜ್ಜಿಯ ಮಗಳ ಫೋನು ಬಂತು. ಅವಳಿರುವುದು ರೈಲಿನಲ್ಲಿ ಒಂಬತ್ತು ಗಂಟೆಯ ದೂರದ ಊರಿನಲ್ಲಿ. ಮೆಟ್ಟಿಲು ಇಳಿಯಲಾಗದ ತಾಯಿಯನ್ನು ಮಹಡಿಯ ಮೇಲೆ ಬಿಡುವುದು ಹೇಗೆ, ನೆಲಮಟ್ಟದಲ್ಲಿ ಒಂದು ಕೋಣೆ ನೋಡಿದ್ದೇನೆ, ತಿಂಗಳ ಕೊನೆಗೆ ಗಾಡಿ ತರುತ್ತೇನೆ ಎಂದಳು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದೇ ಕಷ್ಟ.

ಅಜ್ಜಿ ಟೇಪು ನನ್ನ ಕೈಗೆ ಕೊಟ್ಟು ರಸ್ತೆ ಅಳೆದುಕೊಂಡು ಬಾ ಎಂದಳು. ನಾನು ಹೋಗಿ ನಡುರಸ್ತೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಅಳೆದೆ. ಎರಡು ಸ್ಕೂಟರು, ಒಂದು ಹಾಲಿನ ವ್ಯಾನು ನಿಂತು ನೋಡಿದವು. ನಮ್ಮ ಹೊಸ್ತಿಲಿನಿಂದ ಅವಳ ಮೊದಲ ಮೆಟ್ಟಿಲಿಗೆ ಇನ್ನೂರ ಅರವತ್ತೆಂಟು ಇಂಚು.

“ಅಷ್ಟೇನಾ?” ಎಂದಳು ಅಜ್ಜಿ.

“ಅಷ್ಟೇ.”

“ಬಹಳ ಆಯ್ತು.”

ಆದರೂ ಮರುದಿನ ಅಪ್ಪನನ್ನು ಕರೆದು, ಡಾಕ್ಟರು ಹೇಳಿದ್ದ ಆ ವ್ಯಾಯಾಮದವರನ್ನು ಬರಹೇಳು ಎಂದಳು. ಗಾಡಿ ಬರುವ ಮೊದಲು ಒಂದು ಸಲ ತಂಗಿಯ ಮನೆಗೆ ಹೋಗಬೇಕಂತೆ. ಹೊತ್ತುಕೊಂಡು ಹೋಗುತ್ತೇನೆ ಎಂದ ಅಪ್ಪನಿಗೆ, ನಾನೇನು ಪರದೆ ಗಂಟಾ ಎಂದು ಕೇಳಿದಳು.

ಅವರು ಸೈಕಲ್ಲಿನ ಹಿಂದೆ ನೀಲಿ ಚಾಪೆ ಸುತ್ತಿ ಕಟ್ಟಿಕೊಂಡು ಬಂದರು. ಗಟ್ಟಿಮುಟ್ಟಾದ ಹೆಂಗಸು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುವ ಅಭ್ಯಾಸ. ಮೊದಲ ದಿನವೇ ನಮ್ಮ ಬಾಯಲ್ಲಿ ಚಾಪೆ ಮೇಡಂ ಆದರು. ಅಪ್ಪ ಬಾಗಿಲಲ್ಲೇ ತಡೆದು, ಮೊದಲು ಫ್ರಿಜ್ಜಿನ ಹಾಳೆ ಓದಿಸಿದ. ಅವರು ಮೇಲಿನಿಂದ ಕೆಳಗಿನವರೆಗೆ ಓದಿ, ಅಕ್ಷರ ಚೆನ್ನಾಗಿದೆ ಎಂದು, ಅಜ್ಜಿಯ ಎದುರು ಸ್ಟೂಲು ಎಳೆದು ಕೂತರು.

“ಏನು ಭಯ ನಿಮಗೆ?”

“ಅದೇ” ಎಂದಳು ಅಜ್ಜಿ.

“ಯಾವ್ದೇ?”

“ಅದೇ, ಅದು.”

“ಬೀಳೋದಾ?”

ಅಪ್ಪ ಕಣ್ಣು ಮುಚ್ಚಿಕೊಂಡ. ಅಜ್ಜಿ ಕುರ್ಚಿಯ ಕೈಗಳನ್ನು ಹಿಡಿದುಕೊಂಡಳು. ಕುರ್ಚಿ ಎಲ್ಲಿಗೂ ಹೋಗಲಿಲ್ಲ. ಮೇಡಂ ಕೇಳುತ್ತ ಹೋದರು. ಬಿದ್ದಾಗ ನೋವಾಯಿತೇ? ಅಷ್ಟೇನೂ ಇಲ್ಲ. ಎಷ್ಟು ಹೊತ್ತು ಬಿದ್ದಿದ್ದಿರಿ? ಅಜ್ಜಿ ಒಮ್ಮೆ ನನ್ನ ಕಡೆ ನೋಡಿ ಒಂದು ಗಂಟೆ ಎಂದಳು. ಬೆರಳುಗಳು ಸುಮ್ಮನಿದ್ದವು. ನಾನು ಕಿಟಕಿಯ ಹೊರಗೆ ನೋಡಿದೆ. ಎಂಟು ತಿಂಗಳಲ್ಲಿ ಆ ಮಾತು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು.

ಆ ಒಂದು ಗಂಟೆ ಏನು ಮಾಡಿದಿರಿ ಎಂದರು ಮೇಡಂ.

“ಮೇಜಿನ ಅಡಿ ನೋಡ್ದೆ. ಬಡಗಿ ಅಲ್ಲಿಗೆ ಬಣ್ಣ ಹಚ್ಚಿಲ್ಲ. ಪೆನ್ಸಿಲಲ್ಲಿ ಅಳತೆ ಬರ್ಕೊಂಡಿದಾನೆ. ಅದೂ ತಪ್ಪು.”

“ಕೂಗ್ಲಿಲ್ವಾ?”

“ಕೂಗಿದ್ರೆ ತಂಗಿಗೆ ಕೇಳ್ಸುತ್ತೆ. ಕೇಳಿದ್ರೆ ಓಡಿ ಬರ್ತಾಳೆ. ಅವಳ ಮನೆ ಮೆಟ್ಟಿಲು ನೀವು ನೋಡಿಲ್ಲ. ಅಲ್ಲಿ ಅವಳು ಬಿ...” ಎಂದು ಅಜ್ಜಿ ಅಲ್ಲಿಗೆ ನಿಲ್ಲಿಸಿದಳು.

ಮೇಡಂ ಚಾಪೆಯ ದಾರ ಬಿಚ್ಚಿದರು. ಆಮೇಲೆ, ಬೀಳುವುದು ಎರಡು ಸೆಕೆಂಡಿನ ಕೆಲಸ, ಅದನ್ನು ಕಲಿಸಬೇಕಾಗಿಲ್ಲ, ನಿಮಗೆ ಬಂದೇ ಇದೆ ಎಂದರು. ಬಾರದೆ ಇರುವುದು ಏಳುವುದು. ಏಳಲು ಬಂದರೆ ಬಿದ್ದದ್ದು ಬರೀ ಸ್ವಲ್ಪ ಹೊತ್ತು ನೆಲದ ಮೇಲಿದ್ದ ಹಾಗೆ. ಅದಕ್ಕೆ ಮೊದಲು ನೀವಾಗಿಯೇ ನೆಲಕ್ಕೆ ಹೋಗಬೇಕು ಎಂದರು.

ಅಜ್ಜಿ ಬೇರೆ ಯಾರಾದರೂ ವ್ಯಾಯಾಮದವರು ಇದ್ದಾರೆಯೇ ಎಂದು ಅಪ್ಪನನ್ನು ಕೇಳಿದಳು. ಇರಲಿಲ್ಲ.

ವಾರಕ್ಕೆ ಮೂರು ದಿನ, ಹತ್ತೂವರೆಯಿಂದ ಪಾಠ. ಮೊದಲ ವಾರ ಕುರ್ಚಿಯಿಂದ ಏಳುವುದು, ಕೂರುವುದು, ಕೈ ಊರದೆ ಹತ್ತು ಸಲ. ಎರಡನೆಯ ವಾರ ಹತ್ತು ಇಂಚಿನ ಸ್ಟೂಲು. ಆಮೇಲೆ ಎರಡು ದಿಂಬು, ಆರು ಇಂಚು. ಅಜ್ಜಿ ಪ್ರತಿ ದಿನ ಟೇಪು ಹಿಡಿದು ಇವತ್ತು ಎಷ್ಟು ಇಳಿದೆ ಎಂದು ಅಳೆದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕುತ್ತಿದ್ದಳು, ಲಂಗದ ಅಂಚು ಇಳಿಸುವ ಹಾಗೆ. ಬಿಟ್ಟುಬಿಡಿ ಅತ್ತೆ, ಸಾಕು ಎಂದು ಅಮ್ಮ ಎರಡು ಸಲ ಹೇಳಿದಳು. ಎರಡೂ ಸಲ ಅಜ್ಜಿ ಎದುರು ಕಿಟಕಿಯ ಕಡೆ ನೋಡಿ ಇನ್ನೊಂದು ಇಂಚು ಇಳಿದಳು. ಅಲ್ಲಿ ಚಿಕ್ಕಜ್ಜಿಯ ಮನೆಯಲ್ಲಿ ರಟ್ಟಿನ ಪೆಟ್ಟಿಗೆಗಳು ಒಂದರ ಮೇಲೊಂದು ಏರುತ್ತಿದ್ದವು.

ಗಾಡಿ ಬರಲು ಒಂಬತ್ತು ದಿನ ಉಳಿದಿದ್ದಾಗ ಅಜ್ಜಿಗೆ ಸೊನ್ನೆ ಇಂಚು ಬಂತು.

ಆ ದಿನ ಎಲ್ಲರೂ ಮನೆಯಲ್ಲಿದ್ದೆವು. ಅಪ್ಪನಿಗೆ ಮುದ್ರಣಾಲಯ ಮಧ್ಯಾಹ್ನದ ಮೇಲೆ. ಅಮ್ಮ ಬೆಳಗಿನ ಪಾಳಿ ಮುಗಿಸಿ ಆಗಷ್ಟೇ ಬಂದಿದ್ದಳು. ಅಮ್ಮನ ಕೆಲಸ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ. ಹದಿನಾರು ವರ್ಷದಿಂದ ಗಾಜಿನ ತೂತಿನಲ್ಲಿ “ಈಗಷ್ಟೇ ಹೋಯ್ತು” ಎಂದು ಹೇಳುತ್ತ ಬಂದವಳು. ಇದನ್ನು ಹೇಳುವುದಕ್ಕೆ ಕಾರಣ ಇದೆ.

ಮೇಡಂ ಹೇಳಿದಂತೆ ಅಜ್ಜಿ ಕುರ್ಚಿ ಹಿಡಿದು ಒಂದು ಮಂಡಿ ಊರಿದಳು, ಇನ್ನೊಂದು ಊರಿದಳು, ಕೈ ಊರಿ ಸೊಂಟದ ಮೇಲೆ ಕೂತಳು, ಮೊಣಕೈ ಮೇಲೆ ಒರಗಿ ಚಾಪೆಯ ಮೇಲೆ ಮಲಗಿದಳು. ನೆಲ ತಣ್ಣಗಿದೆ ಎಂದು ಅಮ್ಮ ಬಿಳಿ ಹೊದಿಕೆ ತಂದು ಕತ್ತಿನವರೆಗೆ ಹೊದಿಸಿದಳು.

“ಈಗ ಕಣ್ಣು ಮುಚ್ಕೊಂಡು ಸುಮ್ನೆ ಬಿದ್ದಿರಿ” ಎಂದರು ಮೇಡಂ.

ಜೀವಮಾನವೆಲ್ಲ ಬೇರೆಯವರಿಗೆ ಹೇಳಿದ ಮಾತನ್ನು ತನಗೇ ಹೇಳಿಸಿಕೊಂಡು ಅಜ್ಜಿ ಒಂದು ಕ್ಷಣ ಹುಬ್ಬು ಗಂಟಿಕ್ಕಿದಳು. ಆಮೇಲೆ ನಗುತ್ತ ಕಣ್ಣು ಮುಚ್ಚಿದಳು. ಬಿದ್ದ ಕೂಡಲೇ ಏಳಲು ಹೋಗಬಾರದಂತೆ. ಮೊದಲು ಉಸಿರು, ಆಮೇಲೆ ಕೈಕಾಲುಗಳನ್ನು ಒಂದೊಂದಾಗಿ ವಿಚಾರಿಸಿಕೊಳ್ಳಬೇಕಂತೆ.

ಆಗ ಹನ್ನೊಂದು ಹೊಡೆದು ಫೋನು ಬಂತು. ಅಮ್ಮ ಒಳಗೆ ಹೋಗಿ ಎತ್ತಿದಳು. ಅವಳಿಗೆ ಸಂತೋಷ ಎಷ್ಟಾಗಿತ್ತೆಂದರೆ ಕಣ್ಣಲ್ಲಿ ನೀರಿತ್ತು. ಎದುರಿಗೆ ಫ್ರಿಜ್ಜು, ಅದರ ಮೇಲೆ ಹಾಳೆ. ಅತ್ತೆ ನೆಲದ ಮೇಲೆ ಬಿದ್ದುಕೊಂಡಿದ್ದಾರೆ ಎನ್ನುವಂತಿಲ್ಲ. ಎಡಗಡೆಯದನ್ನು ಬಿಟ್ಟು ಬಲಗಡೆಯ ಮಾತು ಹುಡುಕಿಕೊಂಡು ಹೇಳಿದಳು.

“ಅತ್ತೆ ಈಗಷ್ಟೇ ಕೆಳಗೆ ಹೋದ್ರು, ಚಿಕ್ಕತ್ತೆ. ಒಂಚೂರೂ ತೊಂದ್ರೆ ಪಡ್ಲಿಲ್ಲ, ಆರಾಮಾಗಿ ಹೋದ್ರು. ನಾವೆಲ್ಲ ಪಕ್ಕದಲ್ಲೇ ಇದ್ವಿ. ಕಣ್ಣು ಮುಚ್ಕೊಂಡು ನಗ್ತಾನೇ ಹೋದ್ರು.”

ಆ ಕಡೆಯಿಂದ ಏನೂ ಬರಲಿಲ್ಲ. ಲೈನು ಕಟ್ಟಾಯಿತೆಂದುಕೊಂಡು ಅಮ್ಮ ಫೋನಿಟ್ಟು ಬಂದು ಅಜ್ಜಿಯ ಕಾಲ ಬಳಿ ನಿಂತಳು.

ನಾನು ಕಿಟಕಿಯಲ್ಲಿದ್ದೆ. ಎದುರು ಕಟ್ಟಡದ ಬಾಗಿಲಲ್ಲಿ ಚಿಕ್ಕಜ್ಜಿ ಕಾಣಿಸಿಕೊಂಡಳು. ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಇಲ್ಲ. ಎಡಕ್ಕೂ ಬಲಕ್ಕೂ ನೋಡದೆ ನೇರ ರಸ್ತೆಗಿಳಿದು, ನಿಂತ ಆಟೋದ ಮೂತಿಯನ್ನು ಕೈಯಿಂದ ಸರಿಸುವವಳಂತೆ ಮುಟ್ಟಿ, ನಮ್ಮ ಕಡೆಗೆ ಬರುತ್ತಿದ್ದಳು. ನೋಡಲು ಚೆನ್ನಾಗಿತ್ತು. ಹಗಲುಗನಸು ಕಾಣುವ ನನ್ನ ಕಣ್ಣಿಗೆ ಬೀಳುವುದರಲ್ಲಿ ಅರ್ಧ ನಿಜವಲ್ಲವೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತು, ನನಗೂ ಗೊತ್ತು. ಅದಕ್ಕೇ ಯಾರಿಗೂ ಹೇಳಲಿಲ್ಲ.

ಗಾಳಿಗೆಂದು ತೆರೆದಿಟ್ಟ ಬಾಗಿಲಲ್ಲಿ ಚಿಕ್ಕಜ್ಜಿ ಬಂದು ನಿಂತಳು. ಅವಳು ಕಂಡದ್ದು ಇಷ್ಟು. ನೆಲದ ಮೇಲೆ ಅಕ್ಕ, ಕತ್ತಿನವರೆಗೆ ಬಿಳಿ ಬಟ್ಟೆ, ಮುಚ್ಚಿದ ಕಣ್ಣು. ಸುತ್ತ ನಾವು. ಅಮ್ಮನ ಕೆನ್ನೆ ಒದ್ದೆ, ಅಪ್ಪನ ಕೈ ಮುಂದೆ ಕಟ್ಟಿದೆ, ಕಿಟಕಿಯಿಂದಷ್ಟೇ ಕಂಡಿದ್ದ ಹೆಂಗಸೊಬ್ಬಳು ಗಂಭೀರವಾಗಿ ಬೆನ್ನ ಹಿಂದೆ ಕೈ ಕಟ್ಟಿ ನಿಂತಿದ್ದಾಳೆ.

ಅವಳು ಅಳಲಿಲ್ಲ. ನಮ್ಮಲ್ಲಿ ಯಾರ ಮುಖವನ್ನೂ ನೋಡಲಿಲ್ಲ. ನೇರ ಚಾಪೆಯ ಅಂಚಿಗೆ ಬಂದು ಮಾತಾಡಿದಳು.

“ಒಂಬತ್ತು ದಿನ ತಡ್ಕೊಳ್ಳೋಕಾಗ್ಲಿಲ್ವಾ ನಿಂಗೆ? ಎಲ್ಲದಕ್ಕೂ ನೀನೇ ಮೊದ್ಲು ಹೋಗ್ಬೇಕು. ಏಣಿ ಹತ್ತೋಕೂ ನೀನೇ ಮೊದ್ಲು, ಮದುವೆಗೂ ನೀನೇ ಮೊದ್ಲು.” ಸ್ವಲ್ಪ ಉಸಿರು ತೆಗೆದುಕೊಂಡಳು. “ಹೋಗ್ಲಿ, ಒಂದು ಮಾತು ಕೇಳ್ಕೊಂಡು ಹೋಗು. ಆ ರಿಪೇರಿಯವನು ಪಾಪದೋನು. ಕತ್ತರಿ ತಗೊಂಡಿದ್ದು ನಾನು.”

ಅಜ್ಜಿ ಕಣ್ಣು ಬಿಟ್ಟಳು.

“ಗೊತ್ತಿತ್ತು” ಎಂದಳು.

ಚಿಕ್ಕಜ್ಜಿಯ ಕಾಲುಗಳು ಅಲ್ಲಿಯವರೆಗೆ ಚೆನ್ನಾಗಿಯೇ ಕೆಲಸ ಮಾಡಿದ್ದವು. ಈಗ ಒಂದು ಸಲ ಮಡಚಿಕೊಂಡು, ಅವಳು ಚಾಪೆಯ ಮೇಲೆ, ಅಕ್ಕನ ಪಕ್ಕದಲ್ಲಿ, ಪರದೆ ಕೊಂಡಿ ಕಳಚಿದ ಹಾಗೆ ಬಂದು ಸೇರಿದಳು.

“ಚಿಕ್ಕಮ್ಮ ಬಿದ್ರು” ಎಂದ ಅಪ್ಪ. ಅಂದವನೇ ಫ್ರಿಜ್ಜಿನ ಕಡೆ ನೋಡಿದ.

ಅಮ್ಮ ಓಡಿದಳು. ನಾನೂ. ಮೇಡಂ ಕೈ ಅಡ್ಡ ಹಿಡಿದರು. ಬಗ್ಗಿ ಚಿಕ್ಕಜ್ಜಿಯ ತಲೆ, ಸೊಂಟ, ಮಣಿಕಟ್ಟು ಮುಟ್ಟಿ ನೋಡಿದರು. ಏನೂ ಆಗಿಲ್ಲ ಎಂದರು. ಮತ್ತೆ ಎದ್ದು ಕೈಗಳನ್ನು ಹಿಂದೆ ಕಟ್ಟಿಕೊಂಡರು. ನಾವು ಎತ್ತಬಾರದು, ಅಜ್ಜಿ ಮಾಡಲಿ ಎಂದು ಅವರ ಮುಖ ಹೇಳುತ್ತಿತ್ತು. ಅಜ್ಜಿಗೆ ಇಳಿಯಲು ಮಾತ್ರ ಬಂದಿತ್ತು. ಏಳುವ ಪಾಠ ಆ ದಿನದ ಎರಡನೆಯ ಅರ್ಧ. ಅದನ್ನು ಬಾಯಲ್ಲಿ ಕೇಳಿದ್ದಳೇ ಹೊರತು ಒಮ್ಮೆಯೂ ಮಾಡಿರಲಿಲ್ಲ.

ಚಿಕ್ಕಜ್ಜಿ ಸೂರು ನೋಡುತ್ತಿದ್ದಳು. ಹೆದರಿದ್ದಳು. ಅವಳ ಕೈ ಹೊದಿಕೆಯ ಮೇಲೆ ಏನನ್ನೋ ಹುಡುಕುತ್ತಿತ್ತು. “ಅಕ್ಕಾ, ನನಗೆ ಏಳೋಕಾಗಲ್ಲ” ಎಂದಳು.

“ಯಾರು ಏಳು ಅಂದ್ರು ನಿಂಗೆ? ಸುಮ್ನೆ ಬಿದ್ದಿರು.”

“ಎಷ್ಟೊತ್ತು?”

“ನಾನು ಹೇಳೋ ತನಕ. ಉಸಿರಾಡು. ಬಲಗಾಲು ಅಲ್ಲಾಡ್ಸು. ಇದ್ಯಾ? ಎಡಗಾಲು. ಈಗ ನನ್ನ ನೋಡು. ಪಕ್ಕಕ್ಕೆ ತಿರುಗಬೇಕು. ಆ ಕಡೆ ಅಲ್ಲ ಕಣೇ, ಈ ಕಡೆ.”

ಅಜ್ಜಿ ಪಕ್ಕಕ್ಕೆ ತಿರುಗಿದಳು. ಚಿಕ್ಕಜ್ಜಿಯೂ ತಿರುಗಿದಳು. ಇಬ್ಬರೂ ಈಗ ಮುಖಕ್ಕೆ ಮುಖ, ಒಂದು ಗೇಣು ದೂರ. ಎಂಟು ತಿಂಗಳಲ್ಲಿ ಇಷ್ಟು ಹತ್ತಿರ ನೋಡಿರಲಿಲ್ಲ. ಹಲ್ಲು ಒಂದು ಕಡಿಮೆಯಾಗಿದೆ ಎಂದಳು ಅಕ್ಕ. ಎರಡು ಎಂದಳು ತಂಗಿ. ಮೊಣಕೈ ಊರಿದರು. ಕೂತರು. ಅಂಬೆಗಾಲಿಗೆ ಬರಲು ಅಜ್ಜಿಗೆ ಮೂರು ಸಲ ಬೇಕಾಯಿತು. ಎರಡನೆಯ ಸಲ ತೋಳು ನಡುಗಿ ಮತ್ತೆ ಚಾಪೆಗೆ ಬಿದ್ದಳು. ನಾವೆಲ್ಲ ಮುಂದೆ ಬಾಗಿದೆವು, ಮೇಡಂ ಬಾಗಲಿಲ್ಲ. ಅಜ್ಜಿ ಸ್ವಲ್ಪ ಹೊತ್ತು ಹಾಗೇ ಇದ್ದು, ತಂಗಿಗೆ, ನೋಡಿದ್ಯಾ, ಇದು ಬಿದ್ದಿದ್ದು, ಏನೂ ಆಗಲ್ಲ ಎಂದು ಉದಾಹರಣೆಯಂತೆ ಹೇಳಿ, ಮತ್ತೆ ಹೊರಟಳು. ಕುರ್ಚಿಯವರೆಗೆ ಅಂಬೆಗಾಲು. ಕುರ್ಚಿಯ ಮೇಲೆ ಎರಡು ಕೈ. ಒಂದು ಪಾದ ನೆಲಕ್ಕೆ. ನೂಕಿದಳು.

ನಿಂತಳು. ಐವತ್ತೊಂಬತ್ತು ಇಂಚು. ಗೋಡೆ ನಾಲ್ಕು ಅಡಿ ಆಚೆಗಿತ್ತು, ಅದರ ಕಡೆ ನೋಡಲೇ ಇಲ್ಲ. ತಂಗಿಯ ಕಡೆ ನೋಡಿ “ಹ್ಞೂ, ಈಗ ನೀನು” ಎಂದಳು.

ಚಿಕ್ಕಜ್ಜಿ ಎದ್ದು ಕುರ್ಚಿಯಲ್ಲಿ ಕೂರಲು ಕಾಲು ಗಂಟೆ ಹಿಡಿಯಿತು. ಆಮೇಲೆ ಟೀ ಆಯಿತು. ಇಪ್ಪತ್ತೆರಡು ಮೆಟ್ಟಿಲು ಹೇಗೆ ಇಳಿದಿರಿ ಎಂದು ಅಪ್ಪ ಕೇಳಿದ್ದಕ್ಕೆ, ಗೊತ್ತಿಲ್ಲ, ಅಕ್ಕ ಸತ್ತಿದ್ದಳು, ಮೆಟ್ಟಿಲು ಯಾರು ನೋಡ್ತಾರೆ ಎಂದಳು. ಅಮ್ಮ, ತಾನು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿಲ್ಲವೆಂದು ಸಂಜೆಯವರೆಗೂ ಎಲ್ಲರಿಗೂ ಹೇಳುತ್ತಿದ್ದಳು. ಅಪ್ಪ ಮುದ್ರಣಾಲಯಕ್ಕೂ ಹೋಗದೆ, ಹಾಳೆಯನ್ನು ಫ್ರಿಜ್ಜಿನಿಂದ ಕಿತ್ತು, ಇಂಥ ಕರಡು ನನ್ನ ಕೈಯಿಂದ ಹೇಗೆ ಹೋಯಿತು ಎಂದು ಓದುತ್ತ ನಿಂತಿದ್ದ.

ನಾಲ್ಕು ಗಂಟೆಗೆ ಅಜ್ಜಿ ಚಪ್ಪಲಿ ಕೇಳಿದಳು. ಎಲ್ಲಿಗೆ ಎಂದರೆ, ಕತ್ತರಿ ತರಬೇಕು ಎಂದಳು. ನಾನು ತರುತ್ತೇನೆ ಎಂದ ಅಪ್ಪನಿಗೆ, ಹನ್ನೊಂದು ವರ್ಷ ಕಾದದ್ದು ಇನ್ನೊಬ್ಬರ ಕೈಯಲ್ಲಿ ತರಿಸೋಕಲ್ಲ ಎಂದಳು. ಮೇಡಂಗೆ ಫೋನು ಮಾಡಿದೆವು. ಸೈಕಲ್ಲಿನಲ್ಲಿ ಬಂದು ಖಾಲಿ ಕೈ ಹಿಂದೆ ಕಟ್ಟಿಕೊಂಡು ನಡೆದರು. ಅಂಗಡಿಗೆ ರಜೆ ಹೇಳಿದ ನಾನು ರಸ್ತೆಯಲ್ಲಿ ತೋಳು ಚಾಚಿ ಗಾಡಿಗಳನ್ನು ನಿಲ್ಲಿಸಿದೆ. ಹಾಲಿನ ವ್ಯಾನಿನವನಿಗೆ ನನ್ನ ಗುರುತು ಹತ್ತಿತು.

ಅಜ್ಜಿ ಒಂದೊಂದೇ ಹೆಜ್ಜೆಯಿಟ್ಟು ನಡುರಸ್ತೆಗೆ ಬಂದು ನಿಂತಳು. ಅಲ್ಲಿ ನಾಲ್ಕೂ ಕಡೆ ಬಯಲು.

“ಇಲ್ಲಿ ಗೋಡೆ ಇಲ್ಲ” ಎಂದಳು.

ಪಕ್ಕದಲ್ಲಿದ್ದ ಚಿಕ್ಕಜ್ಜಿ ಸುತ್ತ ನೋಡಿ, “ಇಲ್ಲ. ಬಿದ್ರೆ ಕುರ್ಚಿ ತರಿಸ್ತೀನಿ, ನಡಿ” ಎಂದಳು.

ನಡೆದರು. ಹನ್ನೊಂದನೆಯ ಮೆಟ್ಟಿಲಲ್ಲಿ ಕೂತು ಸುಧಾರಿಸಿಕೊಂಡು, ಮಿಕ್ಕ ಹನ್ನೊಂದು ಹತ್ತಿದರು. ಕತ್ತರಿ ಪೆಟ್ಟಿಗೆಗಳಲ್ಲಿ ಎಲ್ಲಕ್ಕಿಂತ ಕೆಳಗಿನದರಲ್ಲಿ, ಹಳದಿ ಪರದೆಯ ತುಂಡಿನಲ್ಲಿ, ಎಣ್ಣೆ ಸವರಿ ಸುತ್ತಿಟ್ಟಿತ್ತು. ಅದನ್ನು ತೆಗೆಯಲು ಐದು ಪೆಟ್ಟಿಗೆ ಬಿಚ್ಚಬೇಕಾಯಿತು. ಅಜ್ಜಿ ಬೆರಳು ತೂರಿಸಿ ಗಾಳಿಯಲ್ಲಿ ಎರಡು ಸಲ ಕತ್ತರಿಸಿ, ಬಾಯಿ ಮೊಂಡಾಗಿದೆ ಎಂದಳು. ಹನ್ನೊಂದು ವರ್ಷ ಕತ್ತರಿಸಿದ್ದೀನಲ್ಲ ಎಂದಳು ಚಿಕ್ಕಜ್ಜಿ. ಬಿಚ್ಚಿದ ಪೆಟ್ಟಿಗೆಗಳನ್ನು ಮತ್ತೆ ಯಾರೂ ಕಟ್ಟಲಿಲ್ಲ.

ಚಿಕ್ಕಜ್ಜಿಯ ಮಗಳಿಗೆ ಫೋನಿನಲ್ಲಿ ಹೇಳಿದರೆ ನಂಬಲಿಲ್ಲ. ಅಮ್ಮ ತಾನಾಗಿಯೇ ಇಳಿದಳಾ, ಅದನ್ನು ಕಣ್ಣಾರೆ ನೋಡಿದವರು ಯಾರು ಎಂದಳು. ನಾನು ಎಂದೆ. ನಿನ್ನ ಬಿಟ್ಟು ಬೇರೆ ಯಾರು ಎಂದಳು. ಕೊನೆಗೆ ಮೇಡಂ ಮಾತಾಡಿ, ವಾರಕ್ಕೆ ಮೂರು ದಿನ ಇವರಿಗೂ ಚಾಪೆ ಹಾಸುತ್ತೇನೆ ಎಂದ ಮೇಲೆ, ಆರು ತಿಂಗಳು ನೋಡೋಣ ಎಂದು ಗಾಡಿ ಬೇಡವೆಂದಳು.

ಈಗ ನಾಲ್ಕು ಗಂಟೆಗೆ ಒಂದು ದಿನ ತಂಗಿ ಇಳಿದು ಬರುತ್ತಾಳೆ, ಒಂದು ದಿನ ಅಕ್ಕ ಹತ್ತಿ ಹೋಗುತ್ತಾಳೆ. ಇಬ್ಬರಿಗೂ ಭಯ ಇನ್ನೂ ಇದೆ. ಕೇಳಿದರೆ ಹೌದು ಇದೆ ಎನ್ನುತ್ತಾರೆ, ಮಂಡಿನೋವಿನ ಬಗ್ಗೆ ಹೇಳುವ ಹಾಗೆ. ಮೊನ್ನೆ ಅಂಗಡಿ ರಜೆ. ಚಿಕ್ಕಜ್ಜಿಯ ಕಿಟಕಿಯಲ್ಲಿ ಕೂತು ನಾನು ಕಥೆ ಕೇಳಿದೆ. ರಾಜಕುಮಾರ ದಾಸಿಯ ಮಾತು ನಂಬಿದ, ಹಾಳುಬಾವಿಯ ಹತ್ತಿರ ಹೋದ.

“ಧಡಾರ್ ಅಂತ ಬಿದ್ದ” ಎಂದಳು ಅಜ್ಜಿ.

ನಾನು ಉಸಿರು ಬಿಟ್ಟು, “ಆಮೇಲೆ?” ಎಂದೆ.

“ಆಮೇಲೆ ಸುಮ್ನೆ ಬಿದ್ದಿದ್ದ. ಕೈಕಾಲು ವಿಚಾರಿಸ್ಕೊಂಡ. ಪಕ್ಕಕ್ಕೆ ತಿರುಗಿ, ಮೊಣಕೈ ಊರಿ, ಅಂಬೆಗಾಲಲ್ಲಿ ಹೋಗಿ ಕುರ್ಚಿ ಹಿಡ್ಕೊಂಡು ಎದ್ದ.”

ಚಿಕ್ಕಜ್ಜಿ ಟೀ ಲೋಟ ಕೆಳಗಿಟ್ಟಳು. “ಹಾಳುಬಾವೀಲಿ ಕುರ್ಚಿ ಎಲ್ಲಿಂದ ಬಂತೇ?”

ಅಜ್ಜಿಯ ಬೆರಳುಗಳು ಸೆರಗನ್ನು ಸಣ್ಣಗೆ ನೆರಿಗೆ ಹಿಡಿದವು.

“ಬಡಗಿ ಮೊದಲೇ ಬಿದ್ದಿದ್ದ” ಎಂದಳು.